ಇದ್ದುದರಲ್ಲಿ ವಾಸಿ

ಅಧ್ಯಕ್ಷರಿಗೆ, ವೇದಿಕೆಯ ಮೇಲಿರುವ ಹಿರಿಯರಿಗೆ, ಹಿಂದಿನ ಸಾಲಿನಲ್ಲಿ ಕೂತು ಈ ಮೇಡಮ್ಮು ಯಾವಾಗ ಮುಗಿಸ್ತಾರೋ ಎಂದು ಗಡಿಯಾರ ನೋಡುತ್ತಿರುವ ವಿದ್ಯಾರ್ಥಿಗಳಿಗೆ ನಮಸ್ಕಾರ.

2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆದದ್ದು ನಿಮಗೆಲ್ಲ ಗೊತ್ತಿರುವುದೇ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. ಸೋತವರ ಕಾರಿನ ಚಾಲಕನಿಗೇ ಅವತ್ತು ಮತಗಟ್ಟೆಗೆ ಹೋಗಲು ಆಗಲಿಲ್ಲವಂತೆ ಎಂದು ಪತ್ರಿಕೆಗಳಲ್ಲೂ ಬಂತು. ಮತದಾನ ಜಾಗೃತಿಯ ಭಾಷಣ ಮಾಡುವವರು ಅಂದಿನಿಂದ ಈ ಕಥೆ ಹೇಳಿಕೊಂಡೇ ಬಂದಿದ್ದಾರೆ, ಇಲ್ಲಿಗೇ ನಿಲ್ಲಿಸುತ್ತಲೂ ಬಂದಿದ್ದಾರೆ. ಕಥೆ ಇಲ್ಲಿಗೆ ನಿಂತಿಲ್ಲ. ಅದೇ ಧ್ರುವನಾರಾಯಣ 2019ರಲ್ಲಿ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ 1,817 ಮತಗಳಿಂದ ಸೋತರು. ನಮ್ಮ ಮೈಸೂರು ಜಿಲ್ಲೆಯ ನಂಜನಗೂಡು, ವರುಣ, ತಿ. ನರಸೀಪುರ, ಎಚ್.ಡಿ. ಕೋಟೆ ಕೂಡ ಆ ಕ್ಷೇತ್ರಕ್ಕೆ ಸೇರಿದವು. ಅಲ್ಲಿ ನೋಟಾಕ್ಕೆ, ಅಂದರೆ ‘ಯಾರೂ ಬೇಡ’ ಎನ್ನುವ ಕೊನೆಯ ಗುಂಡಿಗೆ, ಬಿದ್ದ ಮತ ಆ ಅಂತರದ ಹಲವು ಪಟ್ಟು ಇತ್ತು. ಗೆದ್ದ ಬಿಜೆಪಿಯ ವಿ. ಶ್ರೀನಿವಾಸಪ್ರಸಾದ್ ಅದಕ್ಕೆ ಮೂರು ವರ್ಷ ಹಿಂದಿನವರೆಗೆ ಕಾಂಗ್ರೆಸ್ ಸರ್ಕಾರದಲ್ಲೇ ಕಂದಾಯ ಸಚಿವರಾಗಿದ್ದವರು. ಇನ್ನು 2004ರಲ್ಲಿ ಒಂದು ಮತದಿಂದ ಕಾಂಗ್ರೆಸ್ಸಿನ ಎದುರು ಸೋತ ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದು ಬಂದದ್ದು ಕಾಂಗ್ರೆಸ್ ಟಿಕೆಟ್ಟಿನಲ್ಲಿ.

ಈಗ ಹೇಳಿ, 2004ರಲ್ಲಿ ‘ಕಾಂಗ್ರೆಸ್ ಬರಬಾರದು’ ಎಂದು ಹಲ್ಲು ಕಚ್ಚಿಕೊಂಡು ಮತ ಹಾಕಿದವನ ಲೆಕ್ಕ ಏನಾಯಿತು? 2019ರಲ್ಲಿ ‘ಇಬ್ಬರೂ ಬೇಡ’ ಎಂದು ಕೊನೆಯ ಗುಂಡಿ ಒತ್ತಿದವನ ಲೆಕ್ಕ ಏನಾಯಿತು? ನಾನು ಮಾತಾಡಬೇಕೆಂದಿರುವುದು ಈ ಇಬ್ಬರ ಬಗ್ಗೆ. ಮನಸ್ಸಿಗೆ ಒಪ್ಪಿದವನಿಗೇ ಹಾಕುತ್ತೇನೆ, ಇಲ್ಲದಿದ್ದರೆ ಯಾರಿಗೂ ಇಲ್ಲ ಎನ್ನುವವನು ಒಬ್ಬ. ಇದ್ದುದರಲ್ಲಿ ವಾಸಿ ಯಾರು ನೋಡಿ ಹಾಕಿ ಮನೆಗೆ ಹೋಗು ಎನ್ನುವವನು ಇನ್ನೊಬ್ಬ. ಇಬ್ಬರೂ ಚಹಾದಂಗಡಿಯಲ್ಲಿ ಎದುರುಬದುರು ಕೂತರೆ ಜಗಳ ಖಾತ್ರಿ. ಮೊದಲನೆಯವನನ್ನು ‘ಮತ ಹಾಳು ಮಾಡಿದೆ’ ಎಂದು ಬೈಯುತ್ತಾರೆ, ಎರಡನೆಯವನನ್ನು ‘ನಿನ್ನಂಥವರಿಂದಲೇ ದೇಶ ಹೀಗಾಗಿರೋದು’ ಎಂದು.

ಮತ ಹಾಳಾಗುವುದು ಎಂದರೇನು ಎಂಬುದನ್ನು ಮೊದಲು ನೋಡೋಣ. ನಮ್ಮ ಪದ್ಧತಿಯಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದರೆ ಸಾಕು, ಅರ್ಧಕ್ಕಿಂತ ಹೆಚ್ಚು ಬರಬೇಕೆಂದಿಲ್ಲ. ಇಂಥ ಕಡೆ ಮೂರನೆಯವನಿಗೆ ಹಾಕಲು ಜನ ಹೆದರುತ್ತಾರೆ, ಹಾಗಾಗಿ ಕಣದಲ್ಲಿ ಕ್ರಮೇಣ ಇಬ್ಬರೇ ಉಳಿಯುತ್ತಾರೆ ಎಂದು ಫ್ರಾನ್ಸಿನ ಮಾರಿಸ್ ಡುವರ್ಜೆ 1951ರಲ್ಲೇ ಬರೆದ. 2018ರಲ್ಲಿ ನಮ್ಮ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ. 38 ಮತ, ಬಿಜೆಪಿಗೆ ಸುಮಾರು ಶೇ. 36. ಸೀಟು ಮಾತ್ರ ಕಾಂಗ್ರೆಸ್ಸಿಗೆ 78, ಬಿಜೆಪಿಗೆ 104. ಹೆಚ್ಚು ಮತ ಪಡೆದವರಿಗೆ ಕಡಿಮೆ ಸೀಟು. ಶೇ. 18 ಮತ, 37 ಸೀಟು ಬಂದ ಜೆಡಿಎಸ್‌ನವರು ಮುಖ್ಯಮಂತ್ರಿಯಾದರು. ಇಷ್ಟಾದ ಮೇಲೂ ಮೂರನೆಯವನಿಗೆ ಹಾಕಿದವನನ್ನು ಹಿಡಿದು ‘ನಿನ್ನ ಮತ ಹಾಳು’ ಎನ್ನಲು ಧೈರ್ಯ ಬೇಕು.

ಆದರೂ ಹೊರದೇಶದ ಎರಡು ಪ್ರಸಂಗ ಹೇಳದೆ ಮುಂದೆ ಹೋಗುವಂತಿಲ್ಲ. ಅಮೆರಿಕದಲ್ಲಿ 2000ದ ಅಧ್ಯಕ್ಷೀಯ ಚುನಾವಣೆ ಫ್ಲಾರಿಡಾ ರಾಜ್ಯದ ಮೇಲೆ ನಿಂತಿತ್ತು. ಅಲ್ಲಿ ಬುಷ್ ಗೆದ್ದದ್ದು 537 ಮತಗಳಿಂದ. ಪರಿಸರವಾದಿಗಳ ಗ್ರೀನ್ ಪಕ್ಷದಿಂದ ನಿಂತಿದ್ದ ರಾಲ್ಫ್ ನೇಡರ್‌ಗೆ ಅದೇ ಫ್ಲಾರಿಡಾದಲ್ಲಿ 97 ಸಾವಿರಕ್ಕೂ ಹೆಚ್ಚು ಮತ ಬಿದ್ದಿತ್ತು. ಸೋತ ಅಲ್ ಗೋರ್ ಹವಾಮಾನ ಬದಲಾವಣೆಯ ಬಗ್ಗೆ ಆಗಲೇ ಪುಸ್ತಕ ಬರೆದಿದ್ದ ಮನುಷ್ಯ. ಫ್ರಾನ್ಸಿನಲ್ಲಿ ಎರಡು ಸುತ್ತಿನ ಮತದಾನ. ಮೊದಲ ಸುತ್ತಿನಲ್ಲಿ ತತ್ವ, ಎರಡನೆಯದರಲ್ಲಿ ವ್ಯವಹಾರ ಎಂದು ಅಲ್ಲಿಯವರು ನೆಮ್ಮದಿಯಾಗಿದ್ದರು. 2002ರಲ್ಲಿ ಕಣದಲ್ಲಿ 16 ಜನ. ಎಡಪಂಥದವರು ತಮ್ಮ ತಮ್ಮ ತತ್ವಕ್ಕೆ ಹಂಚಿಹೋದರು. ಸಮಾಜವಾದಿ ಪಕ್ಷದ ಜೋಸ್ಪಾನ್ ಶೇ. 16.18ಕ್ಕೆ ನಿಂತ, ಕಡು ಬಲಪಂಥದ ಲೆ ಪೆನ್ ಶೇ. 16.86 ಪಡೆದು ಎರಡನೆಯ ಸುತ್ತಿಗೆ ಹೋದ. ಆಗ ಎಡಪಂಥದವರು ಜೀವಮಾನವಿಡೀ ವಿರೋಧಿಸಿದ್ದ ಶಿರಾಕ್‌ಗೇ ಮೂಗು ಮುಚ್ಚಿಕೊಂಡು ಮತ ಹಾಕಿದರು. ಅವನಿಗೆ ಬಂದದ್ದು ಶೇ. 82. ಇಂಥ ಕಡೆ ತತ್ವ ಹಿಡಿದು ಮನೆಯಲ್ಲಿ ಕೂತಿದ್ದರೆ ನಾನಂತೂ ಮೆಚ್ಚುತ್ತಿರಲಿಲ್ಲ.

ಸರಿ, ನಮ್ಮ ‘ಯಾರಿಗೂ ಇಲ್ಲ’ದ ಕಡೆಗೆ ಬರುತ್ತೇನೆ. ನೋಟಾ ಬಂದದ್ದು ತೀರ ಇತ್ತೀಚೆಗೆ. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಅರ್ಜಿಯ ಮೇಲೆ ತೀರ್ಪು ಕೊಟ್ಟಿತು. ಅದಕ್ಕೆ ಮುಂಚೆ ಇದ್ದದ್ದು 49-ಓ ಎಂಬ ನಿಯಮ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರಿಗೆ ಚುನಾವಣಾ ಡ್ಯೂಟಿ ತಪ್ಪುತ್ತಿರಲಿಲ್ಲ, ಹಾಗಾಗಿ ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನರಸೀಪುರದ ಕಡೆಯ ಒಂದು ಹಳ್ಳಿಯ ಶಾಲೆ, ನಾನು ಪಿಆರ್‌ಓ, ಅಂದರೆ ಮತಗಟ್ಟೆಯ ಮುಖ್ಯಾಧಿಕಾರಿ. ಮಧ್ಯಾಹ್ನದ ಹೊತ್ತು, ಏಜೆಂಟರು ತೂಕಡಿಸುತ್ತಿದ್ದರು. ನಡುವಯಸ್ಸಿನ ರೈತನೊಬ್ಬ ಬಂದ, ಹೆಸರು ಕೂಗಿಸಿಕೊಂಡ, 17-ಎ ರಿಜಿಸ್ಟರಿನಲ್ಲಿ ಸಹಿ ಮಾಡಿದ, ಎಡಗೈ ತೋರುಬೆರಳಿಗೆ ಶಾಯಿಯನ್ನೂ ಹಾಕಿಸಿಕೊಂಡ. ಆ ಶಾಯಿ ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯದು, 1962ರಿಂದ ದೇಶಕ್ಕೆಲ್ಲ ಇಲ್ಲಿಂದಲೇ ಹೋಗುತ್ತದೆ. ಆಮೇಲೆ ಯಂತ್ರದ ಕಡೆ ಹೋಗದೆ ನನ್ನ ಮೇಜಿನ ಮುಂದೆ ಬಂದು ನಿಂತು, “ನಾನು ಯಾರ್ಗೂ ಹಾಕಾಕಿಲ್ಲ ಮೇಡಮ್ಮೋರೆ, ಅದುನ್ನ ಬರ್ಕೊಳಿ” ಅಂದ. ತೂಕಡಿಸುತ್ತಿದ್ದ ಏಜೆಂಟರು ಎಲ್ಲ ಪಕ್ಷದವರೂ ಒಟ್ಟಿಗೆ ತಲೆಯೆತ್ತಿದರು. ನಿಯಮದ ಪ್ರಕಾರ ಅವನ ಹೆಸರಿನ ಮುಂದೆ ‘ಮತ ಹಾಕಲು ಇಷ್ಟಪಡಲಿಲ್ಲ’ ಎಂದು ಷರಾ ಬರೆದು, ಅದರ ಮುಂದೆ ಇನ್ನೊಂದು ಸಹಿ ತೆಗೆದುಕೊಂಡೆ. ಒಬ್ಬ ಏಜೆಂಟ್ ಅವನನ್ನು ಹೆಸರು ಹಿಡಿದು ಕರೆದು, “ಯಾಕ್ಲಾ, ಯಾರ್ ಹೇಳ್ಕೊಟ್ರು ನಿಂಗೆ?” ಅಂದ. ಅವನು ಉತ್ತರ ಕೊಡದೆ ಹೊರಟುಹೋದ. ಊರಿಗೆಲ್ಲ ಗೊತ್ತಾಗಲು ಸಂಜೆಯವರೆಗೆ ಕಾಯಬೇಕಿರಲಿಲ್ಲ.

ಗುಟ್ಟಾಗಿರಬೇಕಾದ ಮತ ಹೀಗೆ ಬಯಲಾಗುವುದು ತಪ್ಪು ಎಂದೇ ಕೋರ್ಟು ಹೇಳಿದ್ದು. ನೋಟಾ ಬಂದ ಮೇಲೆ ಆ ರೈತನಂಥವನಿಗೆ ರಕ್ಷಣೆ ಸಿಕ್ಕಿತು, ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು. ಆದರೆ ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಲೋಕಸಭೆ, ವಿಧಾನಸಭೆಗಳ ಫಲಿತಾಂಶ ಕದಲುವುದಿಲ್ಲ, ನಂತರದವನು ಗೆದ್ದ ಎಂದೇ ಲೆಕ್ಕ. 2024ರಲ್ಲಿ ಇಂದೋರಿನಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ವಾಪಸು ಪಡೆದಾಗ ನೋಟಾಕ್ಕೆ 2,18,674 ಮತ ಬಿತ್ತು. ಬಿಜೆಪಿಯ ಅಭ್ಯರ್ಥಿ ಸುಖವಾಗಿ ಗೆದ್ದರು. ಹರಿಯಾಣದಲ್ಲಿ 2018ರಲ್ಲಿ ರಾಜ್ಯ ಚುನಾವಣಾ ಆಯೋಗ ಸ್ಥಳೀಯ ಸಂಸ್ಥೆಗಳ ಮಟ್ಟಿಗೆ ಮಾತ್ರ ನೋಟಾ ಮುಂದಿದ್ದರೆ ಮರುಚುನಾವಣೆ ಎಂದು ಮಾಡಿತು. ಆ ಹಲ್ಲು ನಮ್ಮ ನೋಟಾಕ್ಕಿಲ್ಲ. ನನ್ನ ತಕರಾರು ಅದಕ್ಕಿಂತ ಬೇರೆ. ಇಂದು ನೋಟಾ ಒತ್ತಿದ ಹತ್ತು ಸಾವಿರ ಜನಕ್ಕೆ ಒಬ್ಬರಿಗೊಬ್ಬರ ಮುಖಪರಿಚಯವಿಲ್ಲ. ಅವರ ಸಭೆ ಇಲ್ಲ, ಚಂದಾ ಪುಸ್ತಕ ಇಲ್ಲ, ಮುಂದಿನ ಸಲ ಅವರನ್ನು ಹುಡುಕಿಕೊಂಡು ಬಂದು ‘ನಿಮಗೇನು ಬೇಕು’ ಎಂದು ಕೇಳುವ ಅಗತ್ಯ ಯಾವ ಪಕ್ಷಕ್ಕೂ ಬೀಳುವುದಿಲ್ಲ.

ಹಾಗಾದರೆ ಇದ್ದುದರಲ್ಲಿ ವಾಸಿ ಎನ್ನುವವನೇ ಜಾಣನೇ? ಅವನ ಜಾಣತನ ನಮ್ಮ ಕಡೆ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ಮಂಡ್ಯಕ್ಕಿಂತ ಬೇರೆ ಸಾಕ್ಷಿ ಬೇಡ. 2018ರಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಸೀಟು ಜೆಡಿಎಸ್‌ಗೆ. ಹೆಚ್ಚಿನ ಹಳ್ಳಿಗಳಲ್ಲಿ ಹೋರಾಟ ಕಾಂಗ್ರೆಸ್ಸಿಗೂ ದಳಕ್ಕೂ. ಫಲಿತಾಂಶ ಬಂದ ದಿನವೇ ಬೆಂಗಳೂರಿನಲ್ಲಿ ಎರಡೂ ಪಕ್ಷ ಕೈಜೋಡಿಸಿದವು. ಮರುವರ್ಷ ಲೋಕಸಭೆಗೆ ಮೈತ್ರಿಯ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ. ಪಕ್ಷೇತರರಾಗಿ ನಿಂತ ಸುಮಲತಾ ಅವರ ಎದುರು ಬಿಜೆಪಿ ಯಾರನ್ನೂ ಹಾಕಲಿಲ್ಲ, ಅವರು 1,25,876 ಮತಗಳಿಂದ ಗೆದ್ದರು. ಮೇಲಿನವರು ಕೈಕುಲುಕಿದರೂ ಕೆಳಗಿನ ಕಾಂಗ್ರೆಸ್ಸಿನವರಿಗೆ ಮೈತ್ರಿ ಗಂಟಲಲ್ಲಿ ಇಳಿದಿರಲಿಲ್ಲ. 2024ಕ್ಕೆ ದಳ ಬಿಜೆಪಿಯ ಜೊತೆ, ಸುಮಲತಾ ಬಿಜೆಪಿಯ ಒಳಗೆ, ಮಂಡ್ಯದಲ್ಲಿ ಗೆದ್ದವರು ಎಚ್.ಡಿ. ಕುಮಾರಸ್ವಾಮಿ. ಆರು ವರ್ಷದೊಳಗೆ ಒಬ್ಬನೇ ಮತದಾರನಿಗೆ ಕಾಂಗ್ರೆಸ್ಸನ್ನು ತಡೆಯಲು ಹಾಕು, ಕಾಂಗ್ರೆಸ್ಸಿನ ಜೊತೆ ಸೇರಿ ಹಾಕು, ಬಿಜೆಪಿಯ ಜೊತೆ ಸೇರಿ ಹಾಕು ಎಂದು ಒಂದೇ ಚಿಹ್ನೆ ತೋರಿಸಿ ಕೇಳಿದರು. ಅತ್ತ ದರಿ ಇತ್ತ ಪುಲಿ ಎನ್ನುತ್ತೇವಲ್ಲ, ದರಿಯೂ ಪುಲಿಯೂ ಎಣಿಕೆ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರೆ ನಡುವೆ ನಿಂತಿದ್ದವನು ಏನು ಮಾಡಬೇಕು?

ಇಷ್ಟು ಕೇಳಿ ‘ಯಾರು ಬಂದರೂ ರಾಗಿ ಬೀಸೋದು ತಪ್ಪಲ್ಲ’ ಎಂದು ನೀವು ಎದ್ದುಹೋದರೆ ಅದನ್ನು ನಾನು ಒಪ್ಪುವುದಿಲ್ಲ. ಸರ್ಕಾರ ಬದಲಾದಂತೆ ಪಡಿತರದ ಅಕ್ಕಿಯ ಅಳತೆ ಏರಿದೆ, ಇಳಿದಿದೆ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ. ಪಿಂಚಣಿ ಬರುವ ನನ್ನಂಥವಳಿಗೆ ಎರಡು ಕೆ.ಜಿ. ಅಕ್ಕಿಯ ವ್ಯತ್ಯಾಸ ತತ್ವದ ಮುಂದೆ ಚಿಕ್ಕದಾಗಿ ಕಾಣಬಹುದು. ಅದನ್ನು ನಂಬಿ ಒಲೆ ಹಚ್ಚುವ ಮನೆಯವರಿಗೆ ಹಾಗೆ ಕಾಣುವುದಿಲ್ಲ. ಹಾಗಾಗಿ ‘ಇಬ್ಬರೂ ಒಂದೇ’ ಎನ್ನುವ ಮುಂಚೆ, ಇಬ್ಬರಲ್ಲಿ ಹೆಚ್ಚು ಕೆಟ್ಟವನು ಬಂದರೆ ಪೆಟ್ಟು ಬೀಳುವುದು ಯಾರ ಮೈಮೇಲೆ ಎಂದು ನೋಡಿಕೊಳ್ಳಬೇಕು. ನನ್ನ ಮೈಮೇಲಾದರೆ ತತ್ವ ಹಿಡಿಯಲು ನಾನು ಸ್ವತಂತ್ರಳು. ಪಕ್ಕದ ಬೀದಿಯವನ ಮೈಮೇಲಾದರೆ ನನ್ನ ತತ್ವದ ಖರ್ಚು ಅವನ ಖಾತೆಗೆ ಬೀಳುತ್ತದೆ. ಇಂಥ ಸಂದರ್ಭದಲ್ಲಿ ನಾನು ವಾಸಿ ಎನಿಸಿದವನಿಗೇ ಹಾಕಿದ್ದೇನೆ, ಮುಂದೆಯೂ ಹಾಕುತ್ತೇನೆ. ಅವನ ಜಯಕಾರಕ್ಕೆ ಮಾತ್ರ ಹೋಗುವುದಿಲ್ಲ.

ಆದರೆ ತತ್ವದ ಮತ ಎಂದೂ ಫಲ ಕೊಡುವುದಿಲ್ಲ ಎಂದವರಿಗೆ ಮೇಲುಕೋಟೆ ಕ್ಷೇತ್ರವನ್ನು ತೋರಿಸಬೇಕು. 1980ರಲ್ಲಿ ರೈತ ಸಂಘ ಹುಟ್ಟಿದಾಗಿನಿಂದ ಚುನಾವಣೆಗೆ ಇಳಿಯಬೇಕೋ ಬೇಡವೋ ಎಂಬ ಜಗಳ ಅದರೊಳಗೇ ಇತ್ತು. ಇಳಿದರೆ ಕೊಳಕಾಗುತ್ತೇವೆ ಎಂದು ಒಂದು ಗುಂಪು, ಇಳಿಯದಿದ್ದರೆ ಕಬ್ಬಿನ ಬಾಕಿ ಕೇಳಿಕೊಂಡು ಹೊರಗೇ ನಿಂತಿರಬೇಕಾಗುತ್ತದೆ ಎಂದು ಇನ್ನೊಂದು. ಕೆ.ಎಸ್. ಪುಟ್ಟಣ್ಣಯ್ಯ ಇಳಿದರು. 1994ರಲ್ಲಿ, ಕ್ಷೇತ್ರಕ್ಕೆ ಇನ್ನೂ ಪಾಂಡವಪುರ ಎಂಬ ಹೆಸರಿದ್ದಾಗ, ಗೆದ್ದರು. ಮತ್ತೆ ಗೆಲ್ಲಲು 2013 ಬರಬೇಕಾಯಿತು, ಅದೂ ಸರ್ವೋದಯ ಕರ್ನಾಟಕ ಪಕ್ಷದಿಂದ. ನಡುವಿನ ಹತ್ತೊಂಬತ್ತು ವರ್ಷ ಅವರಿಗೆ ಬಿದ್ದ ಮತಗಳನ್ನೆಲ್ಲ ‘ಹಾಳಾದ ಮತ’ ಎಂದೇ ಎಣಿಸುತ್ತಿದ್ದರು. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆ ವರ್ಷ ಮಗ ದರ್ಶನ್ ನಿಂತು ಸೋತರು, 2023ರಲ್ಲಿ ಗೆದ್ದರು. ಎರಡು ಸಲವೂ ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕಲಿಲ್ಲ.

ಯಾಕೆ ಹಾಕಲಿಲ್ಲ ಎಂದು ಯೋಚಿಸಿ. ದೊಡ್ಡ ಪಕ್ಷಕ್ಕೆ ಔದಾರ್ಯ ಉಕ್ಕಿ ಬಂದು ಸೀಟು ಬಿಟ್ಟುಕೊಡುವುದಿಲ್ಲ. ಆ ಮತ ಎಷ್ಟಿದೆ, ಯಾವ ಊರಲ್ಲಿದೆ, ಯಾರ ಮಾತು ಕೇಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನೋಟಾದ ಮತಕ್ಕೂ ಇದಕ್ಕೂ ಇರುವ ಅಂತರ ಅದೇ. ಹಸಿರು ಟವೆಲ್ಲಿನವರು ಕಾವೇರಿ ನೀರಿಗೆ, ಕಬ್ಬಿನ ಬೆಲೆಗೆ ರಸ್ತೆಯಲ್ಲಿ ಕೂತು ಕೂತು ಸೋತ ಮತವನ್ನೂ ಚದುರದಂತೆ ಕಾಪಾಡಿಕೊಂಡು ಬಂದಿದ್ದರು. ಹಾಗೆಂದು ಅದನ್ನು ಶುದ್ಧ ತತ್ವದ ಗೆಲುವು ಎಂದು ನಾನು ಹೊಗಳಲಾರೆ. 2023ರಲ್ಲಿ ಅಲ್ಲಿನ ಕಾಂಗ್ರೆಸ್ ಮತದಾರ ಹಾಕಿದ್ದು ‘ಇದ್ದುದರಲ್ಲಿ ವಾಸಿ’ ಎಂಬ ಮತವೇ. ಒಂದೇ ಗುಂಡಿಯನ್ನು ಒಬ್ಬ ತತ್ವಕ್ಕಾಗಿ ಒತ್ತಿದ, ಪಕ್ಕದವನು ಬೇರೆ ದಾರಿಯಿಲ್ಲದೆ ಒತ್ತಿದ. ಮೂರನೆಯವನು ಗೆಲ್ಲುವುದು ಸಾಮಾನ್ಯವಾಗಿ ಹೀಗೇ.

ಆದ್ದರಿಂದ ಮತದಾನದ ಹಿಂದಿನ ರಾತ್ರಿ ‘ತತ್ವವೋ ವಾಸಿಯೋ’ ಎಂದು ಹೊರಳಾಡುವುದರಲ್ಲಿ ನನಗೆ ಅಷ್ಟು ಅರ್ಥ ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಪಟ್ಟಿ ಅಚ್ಚಾಗಿರುತ್ತದೆ. ಪಟ್ಟಿಗೆ ಹೊಸ ಹೆಸರು ಬರುವುದು ಕೆಳಗಿನಿಂದ, ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ, ನಗರದ ವಾರ್ಡುಗಳಿಂದ. ದೊಡ್ಡ ದುಡ್ಡಿಲ್ಲದವನು ನಿಂತು, ಸೋತು, ಜನರ ಗುರುತು ಮಾಡಿಕೊಂಡು ಬೆಳೆಯಬಹುದಾದ ಜಾಗ ಅದೊಂದೇ. ಆ ಬಾಗಿಲಿಗೇ ಬೀಗ ಬಿತ್ತು ನೋಡಿ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಮ್ಮ ಮೈಸೂರು ಮಹಾನಗರ ಪಾಲಿಕೆಯ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿಯ ಕೈ ಸೇರಿತು. ಯಾವ ಪಕ್ಷ ಆಳಿದಾಗಲೂ ಈ ವಿಳಂಬದ ಬಗ್ಗೆ ಆಳುವವರಿಗೆ ಅಂಥ ಸಂಕಟ ಕಾಣಲಿಲ್ಲ. ಕಸದ ಗಾಡಿ ಬರಲಿಲ್ಲವೆಂದು ದೂರುವ ನಾವೂ ವಾರ್ಡಿಗೆ ಸದಸ್ಯರೇ ಇಲ್ಲವಲ್ಲ ಎಂದು ಒಂದು ಅರ್ಜಿ ಬರೆಯಲಿಲ್ಲ.

ಸಂವಾದಕ್ಕೆ ಅರ್ಧ ಗಂಟೆ ಇಟ್ಟಿದ್ದಾರೆ. ಯಾವ ಪಕ್ಷಕ್ಕೆ ಹಾಕಲಿ ಮೇಡಮ್ ಎಂದು ದಯವಿಟ್ಟು ಕೇಳಬೇಡಿ. ನಮ್ಮ ವಾರ್ಡಿನಲ್ಲಿ ಯಾರನ್ನು ನಿಲ್ಲಿಸೋಣ ಎಂದು ಕೇಳುವವರಿದ್ದರೆ ಮುಂದಿನ ಸಾಲಿಗೆ ಬನ್ನಿ.