ಹಳಿ ಎದ್ದುಹೋದ ಮೇಲೆ ಉಳಿದ ದಾರಿ

ಸ್ನೇಹಿತರೇ, ದೂರದ ಸೈಕಲ್ ಪ್ರವಾಸಕ್ಕೆ ರೈಲ್ ಟ್ರೈಲ್, ಅಂದರೆ ಹಳಿ ಕಿತ್ತ ಹಳೆಯ ರೈಲು ಮಾರ್ಗದ ಮೇಲಿನ ದಾರಿ, ಆರಿಸುವವರು ಮೊದಲು ನೋಡುವುದು ಉದ್ದವನ್ನು. ಉದ್ದವನ್ನು ಆಮೇಲೆ ನೋಡೋಣ. ಆ ರೈಲು ಅಲ್ಲಿ ಯಾಕೆ ಓಡುತ್ತಿತ್ತು ಎಂಬುದನ್ನು ಮೊದಲು ಕೇಳಿ. ನದಿಯ ಜೊತೆಗೆ ಹೋಗಲೋ, ಬೆಟ್ಟ ದಾಟಲೋ? ನಿಮ್ಮ ಕಾಲಿಗೆ ಬೀಳುವ ಕೆಲಸ ಅಲ್ಲೇ ನಿರ್ಧಾರವಾಗಿರುತ್ತದೆ.

ಅಮೆರಿಕದ ಮಿಸೌರಿ ರಾಜ್ಯದ ಕೇಟಿ ಟ್ರೈಲ್ ನದಿಯ ಜಾತಿಯದು. ಮೆಕೆನ್ಸ್‌ನಿಂದ ಕ್ಲಿಂಟನ್‌ವರೆಗೆ ಸುಮಾರು 386 ಕಿಲೋಮೀಟರ್. ಬಹುಪಾಲು ಮಿಸೌರಿ ನದಿಯ ದಂಡೆಯಲ್ಲೇ ಸಾಗುತ್ತದೆ. 1986ರ ಪ್ರವಾಹ ಹಳಿಗಳನ್ನು ಕೊಚ್ಚಿದ ಮೇಲೆ ರೈಲು ಕಂಪನಿ ಆ ಮಾರ್ಗವನ್ನೇ ಕೈಬಿಟ್ಟಿತು. ದಂಡೆಯ ದಾರಿ ಸಪಾಟು. ಸಪಾಟು ಎಂದರೆ ಸುಲಭ ಎಂದುಕೊಳ್ಳಬೇಡಿ. ಉಬ್ಬುತಗ್ಗಿನ ರಸ್ತೆಯಲ್ಲಿ ಇಳಿಜಾರು ಬಂದಾಗ ಪೆಡಲ್ ನಿಲ್ಲಿಸಿ, ಸೀಟಿನಿಂದ ಎದ್ದು ಮೈ ಸಡಿಲಿಸಬಹುದು. ಇಲ್ಲಿ ಆ ಅವಕಾಶವೇ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಭಂಗಿ, ಒಂದೇ ಗೇರ್. ಮೊದಲು ಸೋಲುವುದು ಕಾಲಲ್ಲ, ಅಂಗೈ ಮತ್ತು ಕುಂಡೆ. ಮೇಲ್ಮೈ ಸುಣ್ಣಕಲ್ಲಿನ ಪುಡಿ. ಒಣಗಿದ್ದರೆ ಟೈರು ಸದ್ದಿಲ್ಲದೆ ಉರುಳುತ್ತದೆ. ಮಳೆ ಬಿದ್ದರೆ ಅದೇ ಪುಡಿ ಬೂದು ಕೆಸರಾಗಿ ಚೈನಿಗೂ ಬ್ರೇಕಿಗೂ ಮೆತ್ತಿಕೊಂಡು, ಗೇರ್ ಬದಲಿಸಿದಾಗಲೆಲ್ಲ ಕರಕರ ಎನ್ನುತ್ತದೆ.

ಬೆಟ್ಟದ ಜಾತಿಗೆ ಅಮೆರಿಕದ್ದೇ ಆದ ಗ್ರೇಟ್ ಅಲೆಗೆನಿ ಪ್ಯಾಸೇಜ್ ಒಳ್ಳೆಯ ಮಾದರಿ. ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲೆಂಡ್‌ಗೆ ಸುಮಾರು 240 ಕಿಲೋಮೀಟರ್. 729 ಮೀಟರ್ ಎತ್ತರದಲ್ಲಿ ಜಲವಿಭಾಜಕ, ಅಂದರೆ ಮಳೆನೀರು ಎರಡು ಕಡೆಗೆ ಒಡೆದು ಹರಿಯುವ ಏಣು, ದಾಟುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ಹಾಗಾಗಿ ಎಂಜಿನಿಯರುಗಳು ಏರನ್ನು ಎಳೆದೆಳೆದು ಉದ್ದ ಮಾಡಿದರು. ಆದರೆ ಎರಡೂ ಕಡೆ ಒಂದೇ ಸಮ ಎಳೆಯಲಿಲ್ಲ. ಕಂಬರ್‌ಲೆಂಡ್ ಕಡೆಯಿಂದ ಹತ್ತಿದರೆ ಸುಮಾರು 38 ಕಿಲೋಮೀಟರಿನಲ್ಲಿ 500 ಮೀಟರಿಗೂ ಹೆಚ್ಚು ಏರಬೇಕು. ಪಿಟ್ಸ್‌ಬರ್ಗ್ ಕಡೆಯಿಂದ ಹೆಚ್ಚು ಕಡಿಮೆ ಅಷ್ಟೇ ಎತ್ತರ 200 ಕಿಲೋಮೀಟರಿನಲ್ಲಿ ಹಂಚಿಹೋಗಿದೆ, ಏರುತ್ತಿದ್ದೇವೆಂದೇ ಗೊತ್ತಾಗುವುದಿಲ್ಲ. ಹೊರಡುವ ಊರನ್ನು ಬದಲಿಸಿದರೆ ಪ್ರವಾಸವೇ ಬದಲಾಗುತ್ತದೆ. ಜಲವಿಭಾಜಕದ ಹತ್ತಿರದ ಬಿಗ್ ಸ್ಯಾವೇಜ್ ಸುರಂಗ ಸುಮಾರು ಒಂದು ಕಿಲೋಮೀಟರ್ ಉದ್ದ. ಚಳಿಗಾಲದಲ್ಲಿ ಅದರ ಬಾಗಿಲು ಹಾಕುತ್ತಾರೆ. ತಿಂಗಳು ನೋಡದೆ ಟಿಕೆಟ್ ಕೊಂಡವರಿಗೆ ಬೆಟ್ಟ ಸುತ್ತುವ ಯೋಗ!

ಯೂರೋಪಿನ ವೆನ್‌ಬಾನ್ 125 ಕಿಲೋಮೀಟರ್ ಅಷ್ಟೇ. ಜರ್ಮನಿಯ ಆಖೆನ್‌ನಿಂದ ಲಕ್ಸೆಂಬರ್ಗ್‌ನ ಟ್ರ್ವಾವಿಯೇರ್ಜ್‌ವರೆಗೆ. ಬಹುಪಾಲು ಡಾಂಬರು, ತೆಳು ಟೈರಿಗೂ ತೊಂದರೆಯಿಲ್ಲ. ಮೊದಲ ಮಹಾಯುದ್ಧದ ನಂತರ ಈ ಹಳಿಯ ನೆಲ ಬೆಲ್ಜಿಯಂ ಪಾಲಾಯಿತು. ಹಾಗಾಗಿ ದಾರಿಯ ಪಕ್ಕದ ಕೆಲವು ಜರ್ಮನ್ ತುಣುಕುಗಳು ಇಂದಿಗೂ ಬೆಲ್ಜಿಯಂ ನೆಲದಿಂದ ಸುತ್ತುವರಿದಿವೆ. ಮೊದಲ ಸಲ ಸಾಮಾನು ಹೇರಿಕೊಂಡು ಹೊರಡುವವರಿಗೆ ನನ್ನ ಆಯ್ಕೆ ಇದೇ. ನ್ಯೂಜಿಲೆಂಡಿನ 152 ಕಿಲೋಮೀಟರಿನ ಒಟಾಗೊ ಸೆಂಟ್ರಲ್ ಕೂಡ ಆಗಬಹುದು. ಅಲ್ಲಿನ ಮೇಲ್ಮೈ ಜಲ್ಲಿಯದು, ಟೈರು ಸ್ವಲ್ಪ ಅಗಲವಿರಲಿ.

ಅಲೆಗೆನಿ ದಾರಿಯನ್ನು ವಾಷಿಂಗ್ಟನ್‌ವರೆಗೆ ಬೆಳೆಸುವವರಿಗೆ ಒಂದು ಮಾತು. ಕಂಬರ್‌ಲೆಂಡ್‌ನ ಆಚೆಗಿನ ಸುಮಾರು 297 ಕಿಲೋಮೀಟರ್ ರೈಲು ಹಾದಿಯಲ್ಲ, ಹಳೆಯ ಕಾಲುವೆಯ ದಂಡೆ. ದೋಣಿ ಎಳೆಯುವ ಹೇಸರಗತ್ತೆಗಳಿಗಾಗಿ ಮಾಡಿದ್ದು. ಅಲ್ಲಿ ಮಳೆಯಾದರೆ ಕೆಸರು, ಬೇರು, ಗುಂಡಿ. ಟೈರು ಆರಿಸುವಾಗ ಆ ಭಾಗವನ್ನೇ ಲೆಕ್ಕಕ್ಕೆ ಹಿಡಿಯಿರಿ.