ಹಳೆ ಶಾಲೆ ಕೆಡವೋ ಮುಂಚೆ ಹೆಂಚು ಸರಿಸಿ ನೋಡಿ

ದಕ್ಷಿಣ ಕನ್ನಡ, ಉಡುಪಿ ಕಡೆ ನೂರು ವರ್ಷದ ಸರ್ಕಾರಿ ಶಾಲೆ ಇರೋ ಊರಲ್ಲಿ ಕಟ್ಟಡ ಕೆಡವಬೇಕಾ, ಉಳಿಸಬೇಕಾ ಅನ್ನೋ ಜಗಳ ಒಂದಲ್ಲ ಒಂದು ದಿನ ಬರುತ್ತೆ. "ಮಳೆಗಾಲದಲ್ಲಿ ಮಕ್ಕಳ ತಲೆ ಮೇಲೆ ಬಿದ್ರೆ ಯಾರು ಹೊಣೆ?" ಅಂತಾರೆ ಪೋಷಕರು. "ಒಂದು ಕಲ್ಲೂ ಮುಟ್ಟಬೇಡಿ" ಅನ್ನುತ್ತೆ ಹಳೆ ವಿದ್ಯಾರ್ಥಿ ಸಂಘ. ಎರಡೂ ಕಡೆಯವರು ಶಾಲೆ ಮೇಲಿನ ಪ್ರೀತಿಯಿಂದಲೇ ಮಾತಾಡ್ತಾರೆ. ಆದರೆ ಮಾಡು (ಹೆಂಚಿನ ಛಾವಣಿ) ಹತ್ತಿ ನೋಡಿದವರು ಎರಡು ಕಡೆಯಲ್ಲೂ ಇರೋದಿಲ್ಲ. ಮೊದಲು ಹಳೆ ಕೊಠಡಿಗಳಿಗೆ ಬೀಗ ಹಾಕಿ, ಮಕ್ಕಳನ್ನ ಬೇರೆ ಕಡೆ ಕೂರಿಸಿ. ಆಮೇಲೆ ಇಂಜಿನಿಯರ್ ಜೊತೆ ಒಬ್ಬ ಹಳೆ ಬಡಗಿಯನ್ನೂ ಕರೆಸಿ, ಹೆಂಚು ಸರಿಸಿ ನೋಡಿ.

ಪಕ್ಕಾಸು, ಅಂದ್ರೆ ಹೆಂಚು ಹೊರೋ ಇಳಿಜಾರಿನ ಮರ, ಮೊದಲು ಕುಂಬಾಗೋದು ಗೋಡೆ ಮೇಲೆ ಕೂತಿರೋ ತುದಿಯಲ್ಲಿ. ಒಡೆದ ಹೆಂಚಿನ ನೀರು ಇಳಿದು ಅಲ್ಲೇ ನಿಲ್ಲುತ್ತೆ, ಗೆದ್ದಲೂ ಗೋಡೆ ಹಿಡಿದು ಅಲ್ಲಿಗೇ ಹತ್ತುತ್ತೆ. ಸ್ಕ್ರೂಡ್ರೈವರ್ ಒತ್ತಿದ್ರೆ ಸಲೀಸಾಗಿ ಒಳಗೆ ಹೋಗುತ್ತಾ? ಅಷ್ಟು ಭಾಗ ಹೋಯ್ತು ಅಂತ ಲೆಕ್ಕ. ನಡುಭಾಗ ಗಟ್ಟಿ ಇದ್ರೆ ತುದಿ ಕತ್ತರಿಸಿ ಹೊಸ ಮರ ಜೋಡಿಸಬಹುದು, ಇಡೀ ಮಾಡು ಇಳಿಸಬೇಕಿಲ್ಲ.

ಗೋಡೆಗೆ ದೊಡ್ಡ ಕೇಡು ಮಾಡಿರೋದು ಆಮೇಲೆ ಬಳಿದ ಸಿಮೆಂಟ್. ಗೋಡೆ ಕಟ್ಟಿರೋ ಮುರಕಲ್ಲು (ಕೆಂಪು ಜಂಬಿಟ್ಟಿಗೆ) ನೆಲದ ತೇವ ಎಳೆಯುತ್ತೆ. ಸುಣ್ಣದ ಗಾರೆ ಇದ್ದಾಗ ಆ ತೇವ ಹೊರಗೆ ಆರಿ ಹೋಗ್ತಿತ್ತು. ಸಿಮೆಂಟ್ ಹೊದಿಸಿದ ಮೇಲೆ ಅದು ಒಳಗೇ ಉಳಿದು ಕಲ್ಲು ಪುಡಿಯಾಗುತ್ತೆ. ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಕೆತ್ತಿ ತೆಗೆದು ಮತ್ತೆ ಸುಣ್ಣದ ಗಾರೆಯನ್ನೇ ಹಾಕಿ. ಬಿರುಕಿದ್ರೆ ಅಡ್ಡಕ್ಕೆ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದು, ಒಂದು ಮಳೆಗಾಲ ಕಾಯಿರಿ. ಗಾಜು ಒಡೆದ್ರೆ ಗೋಡೆ ಇನ್ನೂ ಚಲಿಸ್ತಿದೆ. ತಳಪಾಯವೇ ಕುಸಿದು ಕೂತಿದ್ರೆ, ಬೇಸರ ಆದ್ರೂ ಆ ಭಾಗ ಕೆಡವೋದೇ ಸರಿ ಅಂತ ನಾನು ಹೇಳ್ತೀನಿ.

ಇಷ್ಟು ಕೈಯಲ್ಲಿದ್ರೆ ರಾಜಿ ಸುಲಭ. ಉದಾಹರಣೆಗೆ, ಮುಂಭಾಗದ ಕೊಠಡಿಗಳ ಸಾಲು, ಜಗಲಿ ಉಳಿಸಿ ವಾಚನಾಲಯ ಮಾಡಿ; ಹಿಂದಿನ ಹಾಳಾದ ಕೊಠಡಿ ಕೆಡವಿ ಅಲ್ಲಿ ಆರ್‌ಸಿಸಿ ಕಟ್ಟಿ. ಆದರೆ ಹೊಸ ತಳಪಾಯದ ಗುಂಡಿಯನ್ನ ಹಳೆ ಗೋಡೆಗೆ ತಾಗಿಸಿ ತೋಡಬೇಡಿ. ಹಳೆ ತಳಪಾಯಕ್ಕಿಂತ ಆಳಕ್ಕೆ ಪಕ್ಕದಲ್ಲೇ ಅಗೆದ್ರೆ ಅಡಿಮಣ್ಣು ಜಾರಿ, ಉಳಿಸಿದ ಗೋಡೆಯೂ ಬಿರಿಯುತ್ತೆ.

ಎಲ್ಲರೂ ಮರೆಯೋದು ಹೆಂಚು. ಕೆಡವೋ ಗುತ್ತಿಗೆ ಹರಾಜಾದ್ರೆ ಹೆಂಚು, ಮರ ಎಲ್ಲಾ ಗುತ್ತಿಗೆದಾರನ ಪಾಲು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಂಪನಿಗಳು ಹೆಂಚು ಸುಟ್ಟವು. ಒಂದರ ಹೆಂಚು ಇನ್ನೊಂದರ ಅಂಚಿನ ಕಚ್ಚಿಗೆ ಸರಿಯಾಗಿ ಕೂರೋದಿಲ್ಲ, ಸಂದಿಯಲ್ಲಿ ಸೋರುತ್ತೆ. ಉಳಿಸಿದ ಮಾಡಿನ ರಿಪೇರಿಗೆ ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಹಿಂಬದಿಯ ಮುದ್ರೆ ನೋಡಿ, ಹಿಂದಿನ ಕೊಠಡಿಯಿಂದ ಅದೇ ಕಂಪನಿಯ ಗಟ್ಟಿ ಹೆಂಚನ್ನ ಕೈಯಿಂದ ಇಳಿಸಿ ಶಾಲೆಗೇ ಇಟ್ಟುಕೊಳ್ಳೋದು ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವಿನಲ್ಲಿ, ಹರಾಜಿನ ಷರತ್ತಿನಲ್ಲಿ, ಎರಡು ಕಡೆಯೂ ಬರೆಸಿ. ಜೆಸಿಬಿ ಬಂದ ದಿನ ಕೇಳಿದ್ರೆ ಒಂದು ಹೆಂಚೂ ಸಿಗೋದಿಲ್ಲ.