ಬಂದೋರಿಗೆ ಒಂದೂಟ, ನಮಗ ನಾಕೂಟ

ಈ ವಿಡಿಯೋದಾಗ ಎಡಗಡಿ ಜ್ವಾಳದ ದಂಟಿನ ಕೊಂಪಿ ಕಾಣಿಸ್ತದಲ್ಲ, ಅದರೊಳಗ ಐದು ಕಲ್ಲಿಗೆ ಸುಣ್ಣ ಬಳದು, ಪಾಂಡವರಂತ ಇಟ್ಟೀವಿ. ಬಲಗಡಿ ಬಿಳಿ ಅಂಗಿ ಹಾಕ್ಕೊಂಡು ಭಜ್ಜಿ ಬೋಗಾಣಿಗೆ ಬೆರಳದ್ದಿ ನೆಕ್ಕಲಿಕತ್ತಾರಲ್ಲ, ಅವ್ರು ನಮ್ಮನಿಯವ್ರು. ಪೂಜಿ ಇನ್ನೂ ಆಗಿದ್ದಿಲ್ಲ.

ನಮಸ್ಕಾರ್ರಿ. 2024ರ ಡಿಸೆಂಬರ್ 30, ಸೋಮವಾರ, ಎಳ್ಳಮಾಸಿ, ಅಂದ್ರ ಎಳ್ಳ ಅಮಾಸಿ, ಹೊಲಕ್ಕ ಹೋಗಿ ಪೂಜಿ ಮಾಡಿ ಉಣ್ಣೋ ಹಬ್ಬ. ಕಲಬುರಗಿಯಿಂದ ಆಳಂದ ರೋಡ್ ಹಿಡದು ಹೋದ್ರ ನಮ್ಮ ಮಾವನವರ ಹೊಲ. ಈ ಸಲ ಇವರ ಆಫೀಸಿನ ಮಂದಿ, ನನ್ನ ಗೆಳತ್ಯಾರು, ಬೀಗರು, ಎಲ್ಲರ್ನೂ ಕರದಿದ್ವಿ. ಲೆಕ್ಕ 30 ಮಂದಿದು, ಅಡಗಿ ಮಾಡಿದ್ದು 50 ಮಂದಿಗೆ. ಕಮ್ಮಿ ಬಿದ್ರ ಮರ್ಯಾದಿ ಹೋಗ್ತದ ಅಂದ್ರು. ನಾನೂ ಹೂಂ ಅಂದೆ.

ನಮ್ಮ ಕಡಿ ಭಜ್ಜಿ ಅಂದ್ರ ಎಣ್ಯಾಗ ಕರಿಯೋದಲ್ಲರಿ, ಬೆಂಗಳೂರಿನವ್ರು ಕೇಳ್ಕೋರಿ. ಹಸಿ ತೊಗರಿಕಾಳು, ಹಸಿ ಕಡ್ಲಿಕಾಳು, ಅವರಿ, ಬಟಾಣಿ, ಮೆಂತ್ಯ ಪಲ್ಯ, ಉಳ್ಳಾಗಡ್ಡಿ ತಪ್ಪಲ, ಗಜ್ಜರಿ, ಬದನಿಕಾಯಿ ಎಲ್ಲ ಕೂಡಿ ಕುದಿಸಿ, ಹುಣಸಿ ಹುಳಿ ಹಿಂಡಿ, ಕಡ್ಲಿಹಿಟ್ಟು ಕದಡಿ ಬಿಟ್ಟು ಕೈ ಬಿಡದಂಗ ತಿರುವಬೇಕು. ನಮ್ಮ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಈ ಸೀಮಿದೇ ಮಾಲು ಅನ್ನೋ ಗುರುತು, ಸಿಕ್ಕದ ಖರೆ, ಆದ್ರ ಗಿಡದ ಬುಡಕ್ಕ ಕುಂತು ಸುಲದ ಹಸಿಕಾಳಿನ ರುಚಿ ಬ್ಯಾಳ್ಯಾಗ ಎಲ್ಲದರಿ? ಇರಲಿ. ಹಿಟ್ಟು ಬೆಂದು ಗುಳುಗುಳು ಅನ್ನೋ ಹೊತ್ತಿಗೆ ಉಪ್ಪು ನೋಡಬೇಕು. ಆ ಕೆಲಸ ಇವ್ರು ವಹಿಸ್ಕೊಂಡ್ರು. ಉಪ್ಪು ನೋಡಿದ್ರು. ಖಾರ ನೋಡಿದ್ರು. ಸಜ್ಜಿ ಕಡಬಿನ ಜೋಡಿ ಹೆಂಗ ಹೊಂದ್ತದ ಅಂತ ನೋಡಿದ್ರು. ಪುಟ್ಟ್ಯಾಗಿನ ಕಡಬು ಒಂಬತ್ತು ಕಮ್ಮಿ ಆದ್ವು.

ನಗಬ್ಯಾಡ್ರಿ, ನಂದು ಮುಂದದ. ಚರಗ ಚೆಲ್ಲಿ, ಅಂದ್ರ ಹೊಲದ ತುಂಬ ಎಡಿ ಚೆಲ್ಲಿ, ಬಂದ ಮ್ಯಾಲ ಮೊದಲ ಪಂಕ್ತಿಗೆ ಇವರ ಸಾಹೇಬ್ರು ಕುಂತ್ರು. "ನೀವಿಬ್ಬರೂ ಕೂಡ್ರಿ, ಇಲ್ಲಂದ್ರ ನಾವು ತುತ್ತು ಮುಟ್ಟಂಗಿಲ್ಲ." ಕುಂತ್ವಿ. ಎರಡನೇದಕ್ಕ ನಮ್ಮಣ್ಣ. "ಸಾಹೇಬ್ರ ಜೋಡಿ ಉಂಡಿ, ನಮ್ಮ ಜೋಡಿ ಬ್ಯಾಡೇನವ್ವ?" ಮತ್ತ ಕುಂತ್ವಿ. ಮೂರನೇದಕ್ಕ ಗೆಳತ್ಯಾರು ಕೈ ಹಿಡದು ಜಗ್ಗಿದ್ರು. ನಾಕನೇದಕ್ಕ ಯಾರೂ ಕರೀಲಿಲ್ಲ. ಶೇಂಗಾ ಹೋಳಗಿ ಉಳದಿದ್ವು, ನಾವೇ ಹೋಗಿ ಕುಂತ್ವಿ.

ಈಗ ಈ ಕ್ಲಿಪ್. ಮಧ್ಯಾಹ್ನ ಮೂರೂವರಿ. ಮಂದಿ ಹೊಂಟು ನಿಂತಾರ, ಎಲಿ ಅಡಕಿ ಕೊಡಲಿಕ್ಕ ಮನಿಯವರೇ ಇಲ್ಲ. ಇವ್ರು ಬೇವಿನ ಗಿಡದ ಕೆಳಗ, ಅಂಗಿ ಗುಂಡಿ ಬಿಚ್ಚಿ, ಅಂಗಾತ. ನಾನು ಕೊಂಪಿ ಪಕ್ಕ, ಮುಖದ ಮ್ಯಾಲ ಸೆರಗು. ಹಿಂದ ಬಗ್ಗಿ ಬೋಗಾಣಿ ತಿಕ್ಕಲಿಕತ್ತವ್ರು ನಮ್ಮ ಬೀಗರು! ಎಡಿಟ್ ಮಾಡುವಾಗ ಇಲ್ಲಿ ಗಾಳಿ ಸಪ್ಪಳ ಅದ ಅಂತ ತೆಗೀಲಿಕ್ಕ ಹೋದೆ. ಗಾಳಿ ಅಲ್ಲರಿ, ಎರಡು ಗೊರಕಿ. ಒಂದು ಸಣ್ಣದು, ನಂದು.

ರಾತ್ರಿ ಮನಿಗೆ ಬಂದು ಅಜಿವಾನದ ನೀರು ಕುಡದು, ನಾಳಿ ಬರೇ ಮಜ್ಜಿಗಿ ಅಂತ ಇಬ್ಬರೂ ಆಣಿ ಮಾಡಿದ್ವಿ. ಕ್ಯಾಮೆರಾ ಅಡಗಿಮನ್ಯಾಗ ಚಾರ್ಜಿಗೆ ಹಚ್ಚಿದ್ದೆ, ಬಂದ್ ಮಾಡೋದು ಮರತಿದ್ದೆ. ಪೂರ್ತಿ ಕತ್ತಲು, ಬರೇ ಸಪ್ಪಳ ಕೇಳ್ರಿ.

ಇದು ಡಬ್ಬಿ ಮುಚ್ಚಳ.

ಇದು ಚಮಚ.

ಇದು ನನ್ನ ಕೈಬಳಿ ಸಪ್ಪಳ. ಈಗ ನಾ ಅಂತೀನಿ ನೋಡ್ರಿ: "ತಳದಾಗಿಂದು ನಂಗ ಬಿಡ್ರಿ."